ಅಂಗೈ ಗೆರೆಯಲ್ಲಿ ಅಡಗಿದ್ದ ತುರಿಕೆ

ನಿಮ್ಮ ಅಂಗೈಯನ್ನು ಒಮ್ಮೆ ಕಿಟಕಿಯ ಬೆಳಕಿಗೆ ಹಿಡಿಯಿರಿ. ಆಯುಷ್ಯರೇಖೆ, ವಿದ್ಯಾರೇಖೆ ನೋಡುವುದಕ್ಕಲ್ಲ. ಹೆಬ್ಬೆರಳಿನ ಬುಡದ ಉಬ್ಬನ್ನು ನೋಡಿ. ಅಲ್ಲಿ ಸಣ್ಣ ಗೆರೆಗಳು ಲೆಕ್ಕಕ್ಕೆ ಸಿಗದಷ್ಟು ಒತ್ತೊತ್ತಾಗಿ, ಆಳವಾಗಿ, ಒಂದನ್ನೊಂದು ಹಾಯ್ದು ಮೂಡಿವೆಯೇ? ಚಳಿಗಾಲ ಬಂತೆಂದರೆ ಮೊಣಕಾಲಿನಿಂದ ಕೆಳಗೆ ಚರ್ಮ ಒಣಗಿ ಹೊಟ್ಟು ಏಳುತ್ತದೆಯೇ? ಎರಡೂ ನಿಜವಾದರೆ, ನಿಮ್ಮ ಒಂದನೇ ಕ್ರೋಮೊಸೋಮಿನಲ್ಲಿರುವ ಒಂದು ವಂಶವಾಹಿಯ ಬರಹ ನಡುವೆಯೇ ತುಂಡಾಗಿ ನಿಂತಿರುವ ಸಾಧ್ಯತೆಯಿದೆ. ಆ ತುಂಡಾದ ಬರಹಕ್ಕೂ, ರಾತ್ರಿಯಿಡೀ ಮೊಣಕೈ ಮಡಿಕೆ ಕೆರೆದುಕೊಂಡು ಬೆಳಗ್ಗೆ ಹಾಸಿಗೆಯ ಮೇಲೆ ರಕ್ತದ ಚುಕ್ಕೆ ಬಿಟ್ಟು ಏಳುವ ಮಗುವಿಗೂ ನೇರ ನಂಟಿದೆ ಎಂದು ಜಗತ್ತಿಗೆ ಗೊತ್ತಾದದ್ದು 2006ರಲ್ಲಿ. ಅಂದರೆ ನಿನ್ನೆ ಮೊನ್ನೆ! ಮನುಷ್ಯನ ಜೀನೋಮನ್ನು ಓದಿ ಮುಗಿಸಿದೆವೆಂದು ವಿಜ್ಞಾನಿಗಳು ಸಾರಿ ಮೂರು ವರ್ಷ ಕಳೆದಿತ್ತು. ಆದರೂ ಮೈಮೇಲೆಯೇ ಇರುವ ಚರ್ಮ ಯಾಕೆ ಹೀಗೆ ಹಟ ಹಿಡಿದು ತುರಿಸುತ್ತದೆ ಎಂಬುದಕ್ಕೆ ಮೊದಲ ಗಟ್ಟಿ ಸುಳಿವು ಸಿಕ್ಕಿದ್ದು ಆಗ.

ಈ ತುರಿಕೆಯ ಹೆಸರು ಅಟೋಪಿಕ್ ಡರ್ಮಟೈಟಿಸ್. ನಮ್ಮ ಕಡೆ ಇಸುಬು ಅಂತಲೋ, ಎಕ್ಸಿಮಾ ಅಂತಲೋ ಹೇಳುತ್ತಾರೆ. ಎಳೆಗೂಸಿನ ಕೆನ್ನೆಯಲ್ಲಿ ಶುರುವಾಗುತ್ತದೆ, ಮಗು ನಡೆಯುವ ಹೊತ್ತಿಗೆ ಮೊಣಕೈ, ಮೊಣಕಾಲಿನ ಮಡಿಕೆಗೆ ಇಳಿಯುತ್ತದೆ, ದೊಡ್ಡವರಾದ ಮೇಲೂ ಉಳಿದರೆ ಕುತ್ತಿಗೆ, ಕಣ್ಣಿನ ರೆಪ್ಪೆ, ಕೈಗಳನ್ನು ಹಿಡಿಯುತ್ತದೆ. ಹೆಚ್ಚಿನವರಲ್ಲಿ ಐದು ವರ್ಷದೊಳಗೇ ಕಾಣಿಸಿಕೊಳ್ಳುತ್ತದೆ. ಶ್ರೀಮಂತ ದೇಶಗಳಲ್ಲಿ ಐದು ಮಕ್ಕಳಲ್ಲಿ ಒಂದಕ್ಕೆ ಬರುವಷ್ಟು ವ್ಯಾಪಕ. ನಮ್ಮ ಮನೆಗಳಲ್ಲಿ ಇದಕ್ಕೆ ಕೊಡುವ ಕಾರಣಗಳು ಎಲ್ಲರಿಗೂ ಗೊತ್ತು: ಮೈ ಉಷ್ಣ, ರಕ್ತ ಕೆಟ್ಟಿದೆ, ಬದನೆಕಾಯಿ ನಂಜು, ಮೀನು ನಂಜು. ವೈದ್ಯಶಾಸ್ತ್ರವೂ ಬಹಳ ಕಾಲ ಬೇರೆ ಮಾತಿನಲ್ಲಿ ಅದನ್ನೇ ನಂಬಿತ್ತು. ದೋಷ ಒಳಗಿನದು, ರೋಗನಿರೋಧಕ ವ್ಯವಸ್ಥೆ ಹಾದಿ ತಪ್ಪಿದೆ, ಚರ್ಮ ಅದರ ಪೆಟ್ಟು ತಿನ್ನುತ್ತಿದೆ ಅಷ್ಟೇ ಎಂದು. ಎಲ್ಲರೂ ಒಳಗಿನಿಂದ ಹೊರಗೆ ನೋಡುತ್ತಿದ್ದರು. ಹೊರಗಿನಿಂದ ಒಳಗೆ ನೋಡಿದಾಗ ಏನು ಕಂಡಿತು ಎಂಬುದೇ ಈ ಕಥೆ. ಇದನ್ನು ಓದುತ್ತಾ ಹೋದಷ್ಟೂ ನನಗೆ ಕೂತಲ್ಲಿ ಕೂರಲಾಗಲಿಲ್ಲ!

ಚರ್ಮದ ತೀರಾ ಹೊರಗಿನ ಪದರ ಹೆಚ್ಚಿನ ಕಡೆ ಒಂದು ಮಿಲಿಮೀಟರಿನ ಐವತ್ತರಲ್ಲಿ ಒಂದು ಪಾಲು ದಪ್ಪವೂ ಇರುವುದಿಲ್ಲ. ಅಷ್ಟರೊಳಗೆ ಹದಿನೈದು ಇಪ್ಪತ್ತು ಸಾಲು ಸತ್ತ ಜೀವಕೋಶಗಳು. ಅಮೆರಿಕದ ಚರ್ಮವಿಜ್ಞಾನಿ ಪೀಟರ್ ಎಲಿಯಾಸ್ ಇದನ್ನು ಇಟ್ಟಿಗೆ ಗೋಡೆ ಎಂದು ಕರೆದರು: ಚಪ್ಪಟೆಯಾದ ಜೀವಕೋಶಗಳು ಇಟ್ಟಿಗೆ, ಅವುಗಳ ನಡುವೆ ತುಂಬಿರುವ ಸೆರಮೈಡ್ ಮುಂತಾದ ಕೊಬ್ಬು ಗಾರೆ. ಒಳಗಿನ ನೀರು ಹೊರಗೆ ಹೋಗದಂತೆ, ಹೊರಗಿನ ಧೂಳು, ಪರಾಗ, ಬ್ಯಾಕ್ಟೀರಿಯಾ ಒಳಗೆ ನುಗ್ಗದಂತೆ ನಮ್ಮನ್ನು ಕಾಯುತ್ತಿರುವುದು ಈ ಗೋಡೆಯೇ. ನಾಲ್ಕು ವಾರಕ್ಕೊಮ್ಮೆ ಇಡೀ ಹೊರಚರ್ಮ ತನ್ನನ್ನು ತಾನೇ ಹೊಸದಾಗಿ ಕಟ್ಟಿಕೊಳ್ಳುತ್ತದೆ. ನಾವು ನಿದ್ದೆ ಮಾಡುತ್ತಿರುವಾಗಲೂ ಕೆಲಸ ನಿಲ್ಲುವುದಿಲ್ಲ.

ಇಟ್ಟಿಗೆ ಚಪ್ಪಟೆಯಾಗುವುದು ಹೇಗೆ? ಫಿಲಾಗ್ರಿನ್ ಎಂಬ ಪ್ರೋಟೀನಿನಿಂದ. ಜೀವಕೋಶದೊಳಗಿನ ಕೆರಾಟಿನ್ ಎಳೆಗಳನ್ನು ಅದು ಒಟ್ಟುಗೂಡಿಸಿ ಬಿಗಿಯುತ್ತದೆ, ದುಂಡಗಿದ್ದ ಕೋಶ ಕುಸಿದು ಹಾಳೆಯಾಗುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತೇ? ಇಲ್ಲ! ಆಮೇಲೆ ಫಿಲಾಗ್ರಿನ್ ತಾನೇ ಚೂರುಚೂರಾಗಿ ಒಡೆದು, ನೀರನ್ನು ಹಿಡಿದಿಡುವ ಅಮೈನೋ ಆಮ್ಲಗಳಾಗಿ, ಚರ್ಮದ ಸಹಜ ತೇವವಾಗುತ್ತದೆ. ಅದೇ ಚೂರುಗಳು ಚರ್ಮದ ಮೇಲ್ಮೈಯನ್ನು ತುಸು ಹುಳಿಯಾಗಿ, ಪಿಎಚ್ ಸುಮಾರು 5ರ ಆಸುಪಾಸಿನಲ್ಲಿ ಇಡುವುದಕ್ಕೂ ನೆರವಾಗುತ್ತವೆ. ಆ ಹುಳಿ ಇಳಿದರೆ ಗೋಡೆಯ ಬೆಸುಗೆ ಬಿಚ್ಚುವ ಕಿಣ್ವಗಳು ಎಚ್ಚೆತ್ತುಕೊಳ್ಳುತ್ತವೆ. ಕಟ್ಟುವುದೂ ಅದೇ, ಮುರಿದುಬಿದ್ದ ಮೇಲೆ ತೇವವಾಗಿಡುವುದೂ ಅದೇ. ಒಂದು ಪ್ರೋಟೀನಿಗೆ ಎರಡು ಜನ್ಮ!

ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದಲ್ಲಿ ಇರ್ವಿನ್ ಮೆಕ್ಲೀನ್, ಫ್ರಾನ್ಸಿಸ್ ಸ್ಮಿತ್ ಮತ್ತು ಸಂಗಡಿಗರು ಹುಡುಕುತ್ತಿದ್ದದ್ದು ಇಸುಬಿನ ಕಾರಣವನ್ನಲ್ಲ. ಇಕ್ತಿಯೋಸಿಸ್ ವಲ್ಗ್ಯಾರಿಸ್ ಎಂಬ ಇನ್ನೊಂದು ತೊಂದರೆಯನ್ನು. ಚರ್ಮ ಒಣಗಿ ಹುರುಪೆ ಏಳುವ, ಅಂಗೈ ತುಂಬ ಆಳವಾದ ಗೆರೆಗಳಿರುವ ಸ್ಥಿತಿ ಅದು. ಅಂಥವರ ಚರ್ಮದಲ್ಲಿ ಫಿಲಾಗ್ರಿನ್ ಕಡಿಮೆ ಎಂಬ ಗುಮಾನಿ ಹಳೆಯದು. ಹಾಗಾದರೆ ವಂಶವಾಹಿಯನ್ನು ಓದಿ ನೋಡಿದರಾಯಿತಲ್ಲ? ಓದಲು ಆಗುತ್ತಿರಲಿಲ್ಲ! ಫಿಲಾಗ್ರಿನ್ ವಂಶವಾಹಿ ಬಲು ಉದ್ದ, ಅದರಲ್ಲಿ ಹೆಚ್ಚುಕಮ್ಮಿ ಒಂದೇ ಥರದ ತುಣುಕು ಹತ್ತು, ಹನ್ನೊಂದು, ಇಲ್ಲವೇ ಹನ್ನೆರಡು ಸಲ ಮರುಕಳಿಸುತ್ತದೆ. ಎಷ್ಟು ಸಲ ಎಂಬುದೂ ಮನುಷ್ಯರಿಂದ ಮನುಷ್ಯರಿಗೆ ಬೇರೆ. ಯಾವ ತುಣುಕನ್ನು ಓದುತ್ತಿದ್ದೇವೆ ಎಂಬುದೇ ಗೊತ್ತಾಗದ ಆ ಗೊಂದಲದೊಳಗೆ ಅವರು ದಾರಿ ಮಾಡಿಕೊಂಡು ಹೋದರು. ಎರಡು ತಪ್ಪುಗಳು ಸಿಕ್ಕವು. ಎರಡೂ ಪ್ರೋಟೀನಿನ ತಯಾರಿಯನ್ನು ಆರಂಭದ ಹಂತದಲ್ಲೇ ನಿಲ್ಲಿಸಿಬಿಡುವಂಥವು.

ಆಗ ಬಂತು ನಿಜವಾದ ಬೆರಗು. ಈ ತಪ್ಪು ಅಪರೂಪದ್ದಲ್ಲ. ಯುರೋಪ್ ಮೂಲದ ಜನರಲ್ಲಿ ನೂರಕ್ಕೆ ಸುಮಾರು ಒಂಬತ್ತು ಮಂದಿ ಇದರ ಒಂದು ಪ್ರತಿಯನ್ನು ಹೊತ್ತಿದ್ದಾರೆ! ಡಬ್ಲಿನ್ನಿನ ಮಕ್ಕಳ ಚರ್ಮತಜ್ಞ ಆಲನ್ ಅರ್ವೈನ್ ಅವರೂ ಈ ತಂಡದ ಜೊತೆಗಿದ್ದರು. ಇಸುಬಿನ ಮಕ್ಕಳಲ್ಲಿ ಹುಡುಕಿದಾಗ ಅದೇ ತಪ್ಪು ಮತ್ತೆ ಮತ್ತೆ ಎದುರಾಯಿತು. 2006ರಲ್ಲೇ ಎರಡೂ ಸಂಶೋಧನೆಗಳು ಹೊರಬಂದವು. ಆಮೇಲೆ ಜಪಾನ್, ಚೀನಾ, ಸಿಂಗಪುರಗಳಲ್ಲಿ ನೋಡಿದರು. ಅದೇ ವಂಶವಾಹಿ, ಆದರೆ ತಪ್ಪು ಬೇರೆ ಬೇರೆ ಜಾಗದಲ್ಲಿ. ಇಷ್ಟಾದರೂ ಒಂದು ಮಾತು ನೆನಪಿಡಬೇಕು. ಈ ತಪ್ಪು ಇರುವವರಲ್ಲಿ ಹೆಚ್ಚಿನವರಿಗೆ ಇಸುಬು ಬರುವುದೇ ಇಲ್ಲ, ಇಸುಬು ಇರುವ ಎಷ್ಟೋ ಮಂದಿಯಲ್ಲಿ ಈ ತಪ್ಪು ಇರುವುದಿಲ್ಲ. ಗೋಡೆ ಸಡಿಲವಾಗಲು ಬೇರೆ ದಾರಿಗಳೂ ಇವೆ. ಆದರೆ ಗೋಡೆಯೇ ಮೊದಲು ಸೋಲಬಹುದು, ರೋಗನಿರೋಧಕ ವ್ಯವಸ್ಥೆಯ ರಂಪ ಆಮೇಲಿನದು ಎಂಬುದನ್ನು ಇನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ.

ಸಡಿಲಾದ ಗೋಡೆಯಿಂದ ಏನೇನು ಒಳಗೆ ಹೋಗಬಹುದು? 2003ರಲ್ಲಿ ಲಂಡನ್ನಿನ ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರು ಬ್ರಿಸ್ಟಲ್ ಸುತ್ತಮುತ್ತಲಿನ ಮಕ್ಕಳ ಮಾಹಿತಿ ಕೆದಕಿದಾಗ ಒಂದು ವಿಚಿತ್ರ ಕಂಡಿತು. ಕಡಲೆಕಾಯಿ ಅಲರ್ಜಿಗೂ, ಶೈಶವದಲ್ಲಿ ಹಚ್ಚಿದ್ದ ಕಡಲೆಕಾಯಿ ಎಣ್ಣೆಯಿದ್ದ ಕ್ರೀಮುಗಳಿಗೂ ಸಂಬಂಧವಿತ್ತು! ಬಾಯಿಂದ ಹೋದ ಆಹಾರವನ್ನು ದೇಹ ಗೆಳೆಯನೆಂದು ಒಪ್ಪಿಕೊಳ್ಳುತ್ತದೆ, ಬಿರಿದ ಚರ್ಮದಿಂದ ಹೋದದ್ದನ್ನು ಶತ್ರುವೆಂದು ಗುರುತು ಹಾಕಿಕೊಳ್ಳುತ್ತದೆ ಎಂಬ ಊಹೆ ಅಲ್ಲಿಂದ ಗಟ್ಟಿಯಾಯಿತು. 2015ರಲ್ಲಿ ಅವರದೇ ತಂಡ 640 ಶಿಶುಗಳ ಪ್ರಯೋಗದ ಫಲ ಹೊರತಂದಿತು. ತೀವ್ರ ಇಸುಬೋ ಮೊಟ್ಟೆಯ ಅಲರ್ಜಿಯೋ ಇದ್ದ ಮಕ್ಕಳು ಅವು. ಕಡಲೆಕಾಯಿಯನ್ನು ದೂರವಿಟ್ಟವರಲ್ಲಿ ಐದನೇ ವಯಸ್ಸಿಗೆ ಶೇಕಡ 17.2 ಮಕ್ಕಳಿಗೆ ಆ ಅಲರ್ಜಿ ಬಂತು. ಎಳವೆಯಿಂದಲೇ ತಿನ್ನಿಸಿದವರಲ್ಲಿ ಬರೀ ಶೇಕಡ 3.2! ಪಥ್ಯವೇ ಮದ್ದು ಎಂದು ನಂಬಿದ್ದ ಕಡೆ ಪಥ್ಯವೇ ಕಾಯಿಲೆಗೆ ದಾರಿ ಮಾಡಿಕೊಟ್ಟಿತ್ತು. (ಇಂಥ ಮಗುವಿಗೆ ಮನೆಯಲ್ಲೇ ಪ್ರಯೋಗ ಮಾಡಬೇಡಿ, ವೈದ್ಯರ ಕಣ್ಣೆದುರೇ ಶುರುವಾಗಬೇಕು. ಇಡೀ ಕಡಲೆಬೀಜ ಎಳೆಮಗುವಿನ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವೂ ಇದೆ.)

ಗೋಡೆಯ ಮಾತಾಯಿತು. ತುರಿಕೆ? ಅದು ಏನು? ಬಹಳ ಕಾಲ ಅದನ್ನು ನೋವಿನ ಪುಟ್ಟ ರೂಪವೆಂದೇ ತಿಳಿದಿದ್ದರು. ನೋವಿನ ನರಗಳೇ ಮೆಲ್ಲಗೆ ಮಿಡಿದರೆ ತುರಿಕೆ, ಜೋರಾಗಿ ಮಿಡಿದರೆ ನೋವು ಎಂದು. 1997ರಲ್ಲಿ ಜರ್ಮನಿಯ ಮಾರ್ಟಿನ್ ಶ್ಮೆಲ್ಟ್ಸ್ ಮತ್ತು ಸಂಗಡಿಗರು ಎಚ್ಚರವಾಗಿದ್ದ ಸ್ವಯಂಸೇವಕರ ಕಾಲಿನ ನರದೊಳಗೆ ಅತಿ ತೆಳ್ಳನೆಯ ಸೂಜಿ ಇಳಿಸಿ, ಚರ್ಮಕ್ಕೆ ತುರಿಕೆ ಎಬ್ಬಿಸುವ ಹಿಸ್ಟಮಿನ್ ಊಡಿಸಿ, ಒಂದೊಂದೇ ನರತಂತುವಿನ ಮಿಡಿತ ಆಲಿಸುತ್ತಾ ಕೂತರು. ಸಿಕ್ಕವು! ತುರಿಕೆ ಏರಿದಂತೆ ಏರಿ, ಇಳಿದಂತೆ ಇಳಿಯುವ, ತೀರಾ ನಿಧಾನದ ಬೇರೆಯೇ ತಂತುಗಳು. 2007ರಲ್ಲಿ ಅಮೆರಿಕದ ಸೇಂಟ್ ಲೂಯಿಸಿನಲ್ಲಿ ಝೌ-ಫೆಂಗ್ ಚೆನ್ ತಂಡ ಬೆನ್ನುಹುರಿಯಲ್ಲಿ ಜಿಆರ್‌ಪಿಆರ್ ಎಂಬ ಗ್ರಾಹಕವನ್ನು ಗುರುತಿಸಿತು. ಅದಿಲ್ಲದ ಇಲಿಗಳಿಗೆ ನೋವು ಎಂದಿನಂತೆಯೇ ಆಗುತ್ತಿತ್ತು, ಕೆರೆದುಕೊಳ್ಳುವುದು ಮಾತ್ರ ಎಷ್ಟೋ ಕಡಿಮೆಯಾಗಿತ್ತು. ತುರಿಕೆಗೆ ಅದರದೇ ದಾರಿಯಿದೆ, ಚರ್ಮದಿಂದ ಮಿದುಳಿನವರೆಗೆ!

ಕೆರೆದರೆ ಯಾಕೆ ಹಿತ, ಆ ಹಿತದ ಬೆನ್ನಿಗೇ ಯಾಕೆ ದುಪ್ಪಟ್ಟು ತುರಿಕೆ? ಉಗುರು ಕೊಡುವ ಸಣ್ಣ ನೋವು ಬೆನ್ನುಹುರಿಯಲ್ಲಿ ತುರಿಕೆಯ ಸುದ್ದಿಯನ್ನು ಕ್ಷಣಕಾಲ ತಡೆಯುತ್ತದೆ. ನೋವಾಯಿತೆಂದು ಮಿದುಳು ಸೆರೊಟೊನಿನ್ ಎಂಬ ರಾಸಾಯನಿಕವನ್ನು ಕಳಿಸುತ್ತದೆ, ನೋವು ತಣಿಸಲು. ಆದರೆ ಆ ಸೆರೊಟೊನಿನ್ ಬೆನ್ನುಹುರಿಯ ತುರಿಕೆಯ ಕೋಶಗಳನ್ನೇ ಇನ್ನಷ್ಟು ಚುರುಕುಗೊಳಿಸುತ್ತದೆ ಎಂದು ಚೆನ್ ತಂಡ 2014ರಲ್ಲಿ ಇಲಿಗಳಲ್ಲಿ ತೋರಿಸಿತು. ಸಂತೈಸಲು ಬಂದದ್ದೇ ತುರಿಕೆಯನ್ನು ಕೆಣಕುತ್ತದೆ. ಇಷ್ಟು ಗೊತ್ತಿದ್ದೂ ಕೆರೆದುಕೊಳ್ಳುವ ಮಗುವಿಗೆ ನಾವು ಹಟಮಾರಿ ಎನ್ನುವುದು ಯಾವ ನ್ಯಾಯ?

ಇನ್ನೊಂದು ಒಗಟೂ ಬಿಡಿಸಿಕೊಂಡಿತು. ತುರಿಕೆ ಎಂದ ಕೂಡಲೇ ನಮ್ಮಲ್ಲಿ ಹಿಸ್ಟಮಿನನ್ನು ತಡೆಯುವ ಸೆಟ್ರಿಜಿನ್ ಮಾತ್ರೆ ನುಂಗುತ್ತೇವೆ. ಪಿತ್ತದ ಗಂಧೆ ಎದ್ದಾಗ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಇಸುಬಿಗೆ ಹೆಚ್ಚೇನೂ ಆಗುವುದಿಲ್ಲ. ಯಾಕೆಂದರೆ ಇಸುಬಿನ ತುರಿಕೆಯ ಮುಖ್ಯ ದೂತ ಹಿಸ್ಟಮಿನ್ ಅಲ್ಲವೇ ಅಲ್ಲ! ಗೋಡೆಯ ಜೀವಕೋಶಗಳು ಗಾಯಗೊಂಡಾಗ ಹೊರಬಿಡುವ ಟಿಎಸ್‌ಎಲ್‌ಪಿ ಎಂಬ ಸಂಕೇತ ನೇರವಾಗಿ ನರವನ್ನೇ ಎಬ್ಬಿಸುತ್ತದೆ ಎಂದು 2013ರಲ್ಲಿ ಬರ್ಕ್ಲಿಯ ಡಯಾನಾ ಬೌಟಿಸ್ಟಾ ತಂಡ ಕಂಡುಕೊಂಡಿತು. ರೋಗನಿರೋಧಕ ಕೋಶಗಳು ಬಿಡುವ ಸಂಕೇತಗಳಾದ ಇಂಟರ್‌ಲ್ಯೂಕಿನ್ 4, 13 ಮತ್ತು 31 ಕೂಡ ನರಗಳೊಡನೆ ನೇರ ಮಾತಾಡುತ್ತವೆ. ಚರ್ಮ, ರಕ್ತ, ನರ ಮೂರನ್ನೂ ಬೇರೆ ಬೇರೆ ಇಲಾಖೆ ಎಂದು ಓದಿದ್ದೆವು. ಅವು ಒಂದೇ ಕೋಣೆಯಲ್ಲಿ ಕೂತು ಗಟ್ಟಿಯಾಗಿ ಹರಟುತ್ತಿದ್ದವು!

ಆ ಹರಟೆಗೆ ನಾಲ್ಕನೆಯವರೂ ಬಂದರು. ಇಸುಬು ಕೆರಳುವ ಹೊತ್ತಿಗೆ ಚರ್ಮದ ಮೇಲಿನ ಬಗೆಬಗೆಯ ಸೂಕ್ಷ್ಮಜೀವಿಗಳು ಕುಗ್ಗಿ, ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಒಂದೇ ಬ್ಯಾಕ್ಟೀರಿಯಾ ಮೆರೆಯುತ್ತದೆ ಎಂದು ಅಮೆರಿಕದ ವಿಜ್ಞಾನಿಗಳಾದ ಹೈಡಿ ಕಾಂಗ್ ಮತ್ತು ಜೂಲಿ ಸೆಗ್ರೆ 2012ರಲ್ಲಿ ತೋರಿಸಿದ್ದರು. ಉರಿಯೂತ ಇರುವೆಡೆ ಅದು ಬೆಳೆಯುತ್ತದೆ ಬಿಡಿ ಎಂದುಕೊಳ್ಳಬಹುದಿತ್ತು. ಆದರೆ 2023ರಲ್ಲಿ ಹಾರ್ವರ್ಡಿನ ಐಸಾಕ್ ಚಿಯು ತಂಡ ಉಸಿರು ಬಿಗಿಹಿಡಿಯುವ ಸಂಗತಿ ಹೇಳಿತು. ಈ ಬ್ಯಾಕ್ಟೀರಿಯಾ ವಿ8 ಎಂಬ ಕಿಣ್ವವನ್ನು ಬಿಟ್ಟು ನರದ ಮೇಲಿನ ಪಿಎಆರ್1 ಗ್ರಾಹಕವನ್ನು ತಾನೇ ಕತ್ತರಿಸಿ ಚಾಲೂ ಮಾಡುತ್ತದೆ. ಉರಿಯೂತದ ನೆರವೇ ಬೇಡ, ತುರಿಕೆ ಶುರು! ರಕ್ತ ಹೆಪ್ಪುಗಟ್ಟದಂತೆ ಹೃದ್ರೋಗಿಗಳಿಗೆ ಕೊಡುವ ವೊರಾಪಾಕ್ಸರ್ ಎಂಬ ಮಾತ್ರೆ ಇದೇ ಗ್ರಾಹಕವನ್ನು ತಡೆಯುತ್ತದೆ. ಅದನ್ನು ಕೊಟ್ಟಾಗ ಇಲಿಗಳು ಕೆರೆದುಕೊಳ್ಳುವುದು ಇಳಿಯಿತು. ಮನುಷ್ಯರ ಇಸುಬಿಗೆ ಇದು ಮದ್ದಾಗುವುದೇ ಎಂಬುದು ಮುಂದಿನ ಮಾತು, ಆದರೆ ಹೃದಯದ ಮಾತ್ರೆ ತುರಿಕೆಯ ಬಾಗಿಲು ಮುಚ್ಚಿತಲ್ಲ!

ಎಲ್ಲ ಬ್ಯಾಕ್ಟೀರಿಯಾಗಳೂ ವೈರಿಗಳಲ್ಲ. ನಮ್ಮ ಚರ್ಮದ ಮೇಲೇ ಬದುಕುವ ಸ್ಟೆಫಿಲೊಕಾಕಸ್ ಹೊಮಿನಿಸ್‌ನಂಥ ಸಾಧು ಜಾತಿಗಳು ಆರಿಯಸನ್ನು ಕೊಲ್ಲುವ ವಸ್ತು ತಯಾರಿಸುತ್ತವೆ. ಸ್ಯಾನ್ ಡಿಯೇಗೊದ ರಿಚರ್ಡ್ ಗ್ಯಾಲೊ ತಂಡ ಇಸುಬು ಇರುವವರದೇ ಮೈಮೇಲಿನ ಇಂಥ ಒಳ್ಳೆಯ ಜೀವಿಗಳನ್ನು ಬೆಳೆಸಿ, ಕ್ರೀಮಿನಲ್ಲಿ ಬೆರೆಸಿ ಅವರದೇ ತೋಳಿಗೆ ಹಚ್ಚಿತು. ಆರಿಯಸ್ ಇಳಿಯಿತು. ಕೆರೆತವೂ ಬರೀ ವೈರಿಯಲ್ಲ. 2025ರ ಆರಂಭದಲ್ಲಿ ಪಿಟ್ಸ್‌ಬರ್ಗಿನ ಡೇನಿಯಲ್ ಕಪ್ಲಾನ್ ತಂಡ ಇಲಿಗಳ ಕೊರಳಿಗೆ ಪಟ್ಟಿ ತೊಡಿಸಿ ಕೆರೆಯದಂತೆ ಮಾಡಿ ನೋಡಿತು. ಕೆರೆತ ನಿಂತರೆ ಊತ ತಗ್ಗಿತು, ಅಂದರೆ ಕೆರೆತವೇ ಉರಿಯೂತಕ್ಕೆ ತುಪ್ಪ ಸುರಿಯುತ್ತಿತ್ತು. ಆದರೆ ಕೆರೆದ ಚರ್ಮದಲ್ಲಿ ಆರಿಯಸ್ ಕೂಡ ಕಡಿಮೆಯಾಗಿತ್ತು! ಪ್ರಾಣಿಗಳು ಕೆರೆದುಕೊಳ್ಳುವುದಕ್ಕೆ ಒಂದು ಅರ್ಥವೂ ಇದೆ. ತಿಂಗಳುಗಟ್ಟಲೆ ನಡೆಯುವ ಇಸುಬಿನಲ್ಲಿ ಲಾಭಕ್ಕಿಂತ ಹಾನಿಯೇ ಹೆಚ್ಚು, ಅದು ಬೇರೆ.

ಇಷ್ಟೆಲ್ಲ ತಿಳಿದದ್ದರಿಂದ ರೋಗಿಗೆ ಏನು ಸಿಕ್ಕಿತು? 1952ರಲ್ಲಿ ಸುಲ್ಜ್‌ಬರ್ಗರ್ ಮತ್ತು ವಿಟನ್ ಎಂಬ ವೈದ್ಯರು ಹೈಡ್ರೊಕಾರ್ಟಿಸೋನ್ ಮುಲಾಮು ಹಚ್ಚಿ ತೋರಿಸಿದಂದಿನಿಂದ ಸ್ಟಿರಾಯ್ಡ್ ಮುಲಾಮೇ ಮುಖ್ಯ ಮದ್ದು. 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ದೊರೆತ ಟ್ಯಾಕ್ರೊಲಿಮಸ್, ಅಂಗಾಂಗ ಕಸಿಗೆ ಒದಗಿ, ಆಮೇಲೆ ಮುಖದ, ಕಣ್ಣಂಚಿನ ಇಸುಬಿಗೆ ಮುಲಾಮಾಯಿತು. 2017ರ ಮಾರ್ಚಿನಲ್ಲಿ ಅಮೆರಿಕ ಡ್ಯುಪಿಲುಮ್ಯಾಬ್ ಚುಚ್ಚುಮದ್ದಿಗೆ ಒಪ್ಪಿಗೆ ಕೊಟ್ಟಿತು. ಇಂಟರ್‌ಲ್ಯೂಕಿನ್ 4 ಮತ್ತು 13 ಎರಡರ ಮಾತನ್ನೂ ಒಂದೇ ಕಡೆ ತಡೆಯುವ ಮದ್ದು ಅದು. ವರ್ಷಗಟ್ಟಲೆ ನಿದ್ದೆ ಕಾಣದವರು ಮಲಗಿದರು! ಅಮೆರಿಕದಲ್ಲೇ 2022ರಲ್ಲಿ ಜಾಕ್ ಎಂಬ ಕಿಣ್ವಗಳನ್ನು ತಡೆಯುವ ಮಾತ್ರೆಗಳು, 2024ರಲ್ಲಿ ಇಂಟರ್‌ಲ್ಯೂಕಿನ್ 31ರ ಬಾಗಿಲು ಮುಚ್ಚುವ ನೆಮೊಲಿಜುಮ್ಯಾಬ್. ಚುಚ್ಚುಮದ್ದು ನಮ್ಮ ಮಧ್ಯಮ ವರ್ಗದ ಮನೆಗೆ ಇಂದಿಗೂ ದುಬಾರಿ, ಮಾತ್ರೆಗಳಿಗೆ ಆಗಾಗ ರಕ್ತಪರೀಕ್ಷೆ ಬೇಕು. ಇವೆಲ್ಲ ತೀವ್ರ ಇಸುಬಿಗೆ. ಹೆಚ್ಚಿನ ಮಕ್ಕಳಿಗೆ ಬೇಕಿರುವುದು ಎಷ್ಟೋ ಸರಳ.

ಆ ಸರಳವನ್ನೇ ನಾವು ಕೆಡಿಸಿಕೊಳ್ಳುತ್ತೇವೆ. ಸಾಮಾನ್ಯ ಸೋಪಿನ ಪಿಎಚ್ 9 ದಾಟುತ್ತದೆ, ಚರ್ಮದ ಹುಳಿಯನ್ನು ಅದು ತೊಳೆದುಬಿಡುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪಿನ ಅಂಶ ಚರ್ಮದ ಮೇಲೆ ಇನ್ನಷ್ಟು ಉಳಿಯುತ್ತದೆ (ಆದರೆ ನೀರು ಮೆದುಗೊಳಿಸುವ ಯಂತ್ರ ಹಾಕಿಸಿದರೆ ಇಸುಬು ತಗ್ಗುವುದಿಲ್ಲವೆಂದು ಇಂಗ್ಲೆಂಡಿನ ಪ್ರಯೋಗವೊಂದು ತೋರಿಸಿದೆ). ಎಣ್ಣೆಯ ವಿಷಯದಲ್ಲಿ ನಮ್ಮ ಅಜ್ಜಿಯರು ಅರ್ಧ ಗೆದ್ದಿದ್ದಾರೆ. ಫಿಲಿಪ್ಪೀನ್ಸಿನ ಮಕ್ಕಳಲ್ಲಿ ನಡೆದ ಪ್ರಯೋಗದಲ್ಲಿ ತಾಜಾ ತೆಂಗಿನೆಣ್ಣೆ ಖನಿಜ ಎಣ್ಣೆಗಿಂತ ಹೆಚ್ಚು ಗುಣ ಕೊಟ್ಟಿತು. ಆದರೆ ಎಣ್ಣೆ ಹಚ್ಚಿದ ಮೇಲೆ ಕಡಲೆಹಿಟ್ಟು, ಸೀಗೆಪುಡಿ ಹಾಕಿ ತಿಕ್ಕುತ್ತೇವಲ್ಲ, ಇಸುಬಿನ ಮೈಗೆ ಆ ಉಜ್ಜುವಿಕೆ ಕೂಡದು. ಸ್ನಾನ ಚುಟುಕಾಗಿ ಮುಗಿಸಿ, ಮೈ ಒತ್ತಿ ಒರೆಸಿ, ಪಸೆ ಆರುವ ಮುನ್ನ ಧಾರಾಳವಾಗಿ ಮಾಯಿಶ್ಚರೈಸರ್ ಹಚ್ಚಬೇಕು. ಹುಟ್ಟಿದ ಕೂಸಿಗೆಲ್ಲ ಹಚ್ಚಿದರೆ ಇಸುಬು ಬರುವುದೇ ಇಲ್ಲವೇನೋ ಎಂಬ ಆಸೆಯಿಂದ ಇಂಗ್ಲೆಂಡಿನಲ್ಲಿ 1394 ಶಿಶುಗಳಲ್ಲಿ ನೋಡಿದರು. ತಡೆಯಲಾಗಲಿಲ್ಲ. ಬಂದ ಮೇಲೆ ಹಿಡಿತದಲ್ಲಿಡಲು ಮಾತ್ರ ಅದಕ್ಕಿಂತ ದೊಡ್ಡ ಆಸರೆ ಇನ್ನೊಂದಿಲ್ಲ.

ಪುಸ್ತಕಗಳಲ್ಲಿ ಇಸುಬು ಕೆಂಪು. ನಮ್ಮ ಕಂದು, ಕಪ್ಪು ಮೈಯಲ್ಲಿ ಅದು ಕೆಂಪಾಗಿ ಕಾಣುವುದೇ ಅಪರೂಪ. ನೇರಳೆ ಛಾಯೆ, ಬೂದು, ಕಡುಕಂದು, ಸಣ್ಣ ಸಣ್ಣ ಗುಳ್ಳೆ, ದಪ್ಪಗಾದ ಚರ್ಮ ಹೀಗೆ ಕಾಣುತ್ತದೆ. ಬಿಳಿ ಮೈಯ ಚಿತ್ರಗಳನ್ನೇ ನೋಡಿದ ಕಣ್ಣಿಗೆ ನಮ್ಮ ಮಕ್ಕಳ ಉರಿಯೂತ ಎಷ್ಟು ತೀವ್ರ ಎಂಬುದು ತಪ್ಪಿಹೋಗುತ್ತದೆ. ಇನ್ನು ಮೆಡಿಕಲ್ ಶಾಪಿನ ಟ್ಯೂಬು! ಬಲವಾದ ಸ್ಟಿರಾಯ್ಡ್, ಶಿಲೀಂಧ್ರದ ಮದ್ದು, ಆ್ಯಂಟಿಬಯಾಟಿಕ್ ಮೂರನ್ನೂ ಬೆರೆಸಿದ ಕ್ರೀಮುಗಳು ನಮ್ಮ ದೇಶದಲ್ಲಿ ಚೀಟಿಯಿಲ್ಲದೆ ಕೈಗೆ ಬರುತ್ತವೆ. ಹುಳುಕಡ್ಡಿಗೆ ಹಚ್ಚಿದರೆ ಹುಳುಕಡ್ಡಿ ಹಬ್ಬುತ್ತದೆ, ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಇದನ್ನು ಕಂಡು ಹೆದರಿ, ವೈದ್ಯರು ಅಳೆದು ಬರೆದುಕೊಟ್ಟ ಸ್ಟಿರಾಯ್ಡನ್ನೂ ಬಿಸಾಡುವವರಿದ್ದಾರೆ. ಎರಡೂ ತಪ್ಪು. ಸರಿಯಾದ ಬಲದ್ದು, ಸರಿಯಾದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದರೆ ಅದು ಮಗುವಿನ ರಾತ್ರಿಯನ್ನು ಉಳಿಸುತ್ತದೆ.

ಹಾಗಾಗಿ ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಮನೆಯಲ್ಲಿ ಇಸುಬಿನ ಮಗುವಿದ್ದರೆ ‘ಕೆರೀಬೇಡ’ ಎಂದು ಗದರಿಸಬೇಡಿ. ಉಗುರು ಮೋಟಾಗಿ ಕತ್ತರಿಸಿ, ಹತ್ತಿ ಬಟ್ಟೆ ಹಾಕಿ, ತುರಿಸುವ ಜಾಗಕ್ಕೆ ಒದ್ದೆ ಬಟ್ಟೆಯ ತಂಪು ಕೊಟ್ಟು ಮತ್ತೆ ಮಾಯಿಶ್ಚರೈಸರ್ ಹಚ್ಚಿ. ಚರ್ಮತಜ್ಞರನ್ನು ಕಾಣುವಾಗ ಮಗು ರಾತ್ರಿ ಎಷ್ಟು ಹೊತ್ತು ನಿದ್ದೆ ಮಾಡುತ್ತದೆ ಎಂಬುದನ್ನು ಮೊದಲು ಹೇಳಿ. ಒಂದೊಂದೇ ಪದಾರ್ಥವನ್ನು ನಂಜೆಂದು ನೀವೇ ತಟ್ಟೆಯಿಂದ ತೆಗೆಯಬೇಡಿ, ಬೆಳೆಯುವ ಮಗುವಿಗೆ ಅದು ಬೇಕು. ನಿಮ್ಮ ಮನೆಯಲ್ಲಿ ಅಂಥ ಮಗು ಇಲ್ಲದಿದ್ದರೆ, ನಿಮ್ಮ ಮಗಳ ತರಗತಿಯಲ್ಲಿ ಇದ್ದೀತು. ಇಸುಬು ಕಜ್ಜಿಯಲ್ಲ, ಮುಟ್ಟಿದರೆ ಅಂಟುವುದಿಲ್ಲ. ಆ ಮಗುವಿನ ಪಕ್ಕದಲ್ಲೇ ನಿಮ್ಮ ಮಗಳನ್ನು ಕೂರಿಸಿ ಎಂದು ಟೀಚರಿಗೆ ಹೇಳಿ.